ಕೂಸು ನೋಡಿಕೊಳ್ಳುವಾಕೆಯ ಫೋನಿಗೆ ಕರೆ ಮಾಡುವವರು ಯಾರು?

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಬಂಧುಗಳೊಬ್ಬರ ಮನೆಯಿದೆ. ಗಂಡ ಹೆಂಡತಿ ಇಬ್ಬರೂ ನೌಕರಿಗೆ ಹೋಗುವವರಾದ್ದರಿಂದ ಅವರ ಹದಿನಾಲ್ಕು ತಿಂಗಳ ಕೂಸನ್ನು ವಡಗಾವಿಯಿಂದ ಬರುವ ಒಬ್ಬ ಹೆಣ್ಣುಮಗಳು ಮುಂಜಾನೆ ಒಂಬತ್ತರಿಂದ ಸಂಜೆ ಆರರವರೆಗೆ ನೋಡಿಕೊಳ್ಳುತ್ತಾಳೆ; ಮನೆಯವರಷ್ಟೇ ಅಲ್ಲದೆ ಓಣಿಯವರೂ ಆಕೆಯನ್ನು ಮೌಶಿ ಎಂದೇ ಕರೆಯುತ್ತಾರೆ. ಮೌಶಿ ಯಾವಾಗ ನೋಡಿದರೂ ಫೋನಿನಲ್ಲೇ ಇರುತ್ತಾಳೆ ಎಂಬ ದೂರು ನಾನು ಆ ಮನೆಗೆ ಹೋಗುವ ಮೊದಲೇ ನನ್ನ ಕಿವಿಗೆ ಬಿದ್ದಿತ್ತು. ಕಳೆದ ಮಳೆಗಾಲದಲ್ಲಿ ಬೇರೇನೋ ಕೆಲಸಕ್ಕೆ ಹೋದವನು ಮಳೆ ಬಿಡದೆ ಅಲ್ಲೇ ಒಂದು ಮುಂಜಾನೆ ಕಳೆಯಬೇಕಾಗಿ ಬಂದಾಗ, ಕುತೂಹಲಕ್ಕೆಂದು ಎಣಿಸುತ್ತ ಕುಳಿತೆ. ಒಂಬತ್ತರಿಂದ ಒಂದು ಗಂಟೆಯವರೆಗೆ ಆಕೆಯ ಫೋನು ಏಳು ಸಲ ಸದ್ದು ಮಾಡಿತು. ಎರಡು ಕರೆ ಮಗುವಿನ ತಾಯಿಯವು, “ಕೂಸು ಮಲಗೇತೇನು?” ಎಂದು ಒಮ್ಮೆ, “ಎದ್ದೈತೇನು?” ಎಂದು ಇನ್ನೊಮ್ಮೆ. ಒಂದು ತಂದೆಯದು. ಒಂದು ವಿಜಯಪುರದಲ್ಲಿರುವ ಅಜ್ಜಿಯ ವಿಡಿಯೊ ಕರೆ, ಅದಕ್ಕಾಗಿ ಕಣ್ಣು ಮುಚ್ಚುತ್ತಿದ್ದ ಕೂಸನ್ನು ಎತ್ತಿ ಪರದೆಯ ಮುಂದೆ ಹಿಡಿಯಬೇಕಾಯಿತು. ಒಂದು ಪಾರ್ಸೆಲ್ ತಂದ ಹುಡುಗನದು. ಗ್ಯಾಸ್ ಸಿಲಿಂಡರ್ ತಂದವನಿಗೆ ಕೊಡಬೇಕಾದ ಓಟಿಪಿ ಯಜಮಾನತಿಯ ಫೋನಿಗೆ ಬಂದದ್ದರಿಂದ ಅದನ್ನು ಹೇಳಲು ಬಂದ ಕರೆ ಆರನೆಯದು. ಏಳನೆಯದು ಮಾತ್ರ ಮೌಶಿಯ ಸ್ವಂತದ್ದು. ಏಳನೆಯ ತರಗತಿಯಲ್ಲಿರುವ ಮಗಳು ಜ್ವರವೆಂದು ಶಾಲೆಯಿಂದ ಬೇಗ ಮನೆಗೆ ಬಂದಿದ್ದಳು.

ಮಕ್ಕಳನ್ನು ನೋಡಿಕೊಳ್ಳುವವರು ಕೆಲಸದ ಹೊತ್ತಿನಲ್ಲಿ ಫೋನ್ ಬಳಸಬಹುದೇ ಎಂಬ ಪ್ರಶ್ನೆ ಈಗ ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಬಹಳಷ್ಟು ಮನೆಗಳಲ್ಲಿ ಎದ್ದಿದೆ. ಬಾಗಲಕೋಟೆಯ ನವನಗರದಂಥ ಕಡೆಯಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಮುಳುಗಡೆಯಾದ ಹಳೆಯ ಓಣಿಗಳ ಬದಲು ಸೆಕ್ಟರ್‌ಗಳಲ್ಲಿ ಹಂಚಿಹೋದ ಕುಟುಂಬಗಳಿಗೆ, “ಒಂದೀಟು ಕೂಸು ನೋಡ್ಕೊಳ್ರಿ ಅಕ್ಕಾರ, ಬಂದೆ” ಎಂದು ಹೇಳಿಹೋಗಲು ಎದುರು ಮನೆಯ ಪರಿಚಯ ಮೊದಲಿನಷ್ಟು ಉಳಿದಿಲ್ಲ. ಸಂಬಳ ಕೊಟ್ಟು ನೋಡಿಕೊಳ್ಳುವವರನ್ನು ಇಟ್ಟುಕೊಳ್ಳುವುದು ಹೀಗೆ ಹೆಚ್ಚಿದರೂ ಅದಕ್ಕೆ ತಕ್ಕ ಕರಾರು ನಮ್ಮಲ್ಲಿ ಬೆಳೆದಿಲ್ಲ. ಪರಿಚಯದವರ ಬಾಯಿಮಾತಿನ ಮೇಲೆ ಕೆಲಸ ಗೊತ್ತಾಗುತ್ತದೆ. ಪಗಾರ, ಹೊತ್ತು, ಊಟದ ಮಾತು ಆಗುತ್ತದೆ, ಫೋನಿನ ಮಾತು ಆಗುವುದು ಜಗಳವಾದ ಮೇಲೆ. ಆ ಜಗಳದಲ್ಲಿ ಎರಡೇ ಪಕ್ಷಗಳಿರುತ್ತವೆ: ಫೋನನ್ನು ಬಾಗಿಲಲ್ಲೇ ಕಸಿದಿಡಬೇಕೆನ್ನುವವರು ಮತ್ತು ಈ ಕಾಲದಲ್ಲಿ ಅದೆಲ್ಲ ಆಗದ ಮಾತು ಎನ್ನುವವರು. ಕೆಲವು ಹೊತ್ತುಗಳಲ್ಲಿ ಫೋನು ಕೈಯಲ್ಲಿ ಇರಲೇಕೂಡದು, ಅದರಲ್ಲಿ ರಿಯಾಯಿತಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಮನೆಯವರೇ ಆ ಫೋನನ್ನು ತಮ್ಮ ಕಣ್ಣು, ಕಿವಿ, ಕಾವಲು ಎಲ್ಲವನ್ನಾಗಿ ಬಳಸುತ್ತಿರುವವರೆಗೆ ಆಕೆಯೊಬ್ಬಳಿಗೇ ಹಾಕುವ ನಿಷೇಧ ಒಂದು ವಾರವೂ ನಡೆಯುವುದಿಲ್ಲ.

ಮೊದಲು ಹಿರಿಯರ ತಕರಾರನ್ನು ನೋಡೋಣ, ಏಕೆಂದರೆ ಅದರಲ್ಲಿ ಹುರುಳಿದೆ. ಕೂಸನ್ನು ಬಗಲಲ್ಲಿಟ್ಟುಕೊಂಡೇ ರೊಟ್ಟಿ ಬಡಿದೆವು, ಜೋಳ ಹಸನು ಮಾಡಿದೆವು, ಕಟ್ಟೆಯ ಮೇಲೆ ಕುಳಿತು ಹರಟಿದೆವು, ಒಂದೇ ಸಮನೆ ಮಗುವಿನ ಮುಖ ನೋಡುತ್ತ ಯಾರೂ ಕೂರಲಿಲ್ಲ; ಹಾಗಿರುವಾಗ ಫೋನಿನ ಮೇಲಷ್ಟೇ ಈ ಸಿಟ್ಟು ಯಾಕೆ ಎಂದು ಅವರು ಕೇಳುತ್ತಾರೆ. ಮಗುವನ್ನು ಬೆಳೆಸುವುದೆಂದರೆ ದಿನವಿಡೀ ಅದನ್ನೇ ದಿಟ್ಟಿಸುವುದಲ್ಲ, ಹಾಗೆ ಮಾಡಿದರೆ ಮಗುವಿಗೂ ಒಳ್ಳೆಯದಲ್ಲ, ಇದು ನಿಜ. ಆದರೆ ಜೋಳ ಹಸನು ಮಾಡುವ ಕೈಗೆ ಕಲ್ಲು ಕಾಳುಗಳ ಕೆಲಸವಿರುತ್ತದೆಯೇ ಹೊರತು ಕಿವಿಗೆ ಇರುವುದಿಲ್ಲ; ಕೂಸು ಹೊಸಿಲು ದಾಟಿದರೆ ಕಣ್ಣಂಚಿಗೆ ಬೀಳುತ್ತದೆ, ಮೊರ ಕೆಳಗಿಟ್ಟು ಏಳುವುದಕ್ಕೆ ಒಂದು ಗಳಿಗೆ ಸಾಕು, ಮತ್ತೆ ಬಂದು ಕೂತಾಗ ಮೊರ ಅಲ್ಲೇ ಹಾಗೇ ಇರುತ್ತದೆ. ಕೆಲಸ ಮಾಡುತ್ತಲೇ ಕೂಸಿನೊಡನೆ ಮಾತಾಡಬಹುದು, ಹಿಟ್ಟಿನ ಒಂದು ಉಂಡೆಯನ್ನು ಅದರ ಕೈಗೂ ಕೊಡಬಹುದು. ಫೋನಿನ ರೀತಿ ಬೇರೆ. ಅದು ಕಣ್ಣು, ಕಿವಿ, ಮನಸ್ಸು ಮೂರನ್ನೂ ಒಟ್ಟಿಗೆ ಕೇಳುತ್ತದೆ. ರೀಲ್ಸ್‌ಗಳು ಒಂದರ ಹಿಂದೆ ಒಂದರಂತೆ ತಾವಾಗಿಯೇ ಬರುವುದರಿಂದ ಕೆಲಸ ಮುಗಿಯಿತು, ಇನ್ನು ಏಳಬೇಕು ಎನ್ನುವ ಗಡಿಯೇ ಅದರಲ್ಲಿಲ್ಲ. ಮೊರದಲ್ಲಿನ ಜೋಳಕ್ಕೆ ಒಂದು ಕೊನೆಯಿತ್ತು.

ಮಗುವಿನ ಕಡೆಯಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರೋನಿಕ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಒಂದು ಸರಳ ಪ್ರಯೋಗ ಮಾಡಿದರು, ಅದರ ವರದಿ 1978ರಲ್ಲಿ ಪ್ರಕಟವಾಯಿತು. ತಾಯಿ ಮೊದಲು ಕೂಸಿನೊಡನೆ ಎಂದಿನಂತೆ ನಗುತ್ತ ಮಾತಾಡುತ್ತ ಆಡುತ್ತಾಳೆ. ಆಮೇಲೆ ಕೆಲವು ನಿಮಿಷ ಅಲ್ಲೇ ಎದುರಿಗೆ ಕುಳಿತು, ಮುಖದಲ್ಲಿ ಯಾವ ಭಾವವನ್ನೂ ತೋರಿಸದೆ, ಕೂಸು ಏನೇ ಮಾಡಿದರೂ ಉತ್ತರ ಕೊಡದೆ ಇರುತ್ತಾಳೆ. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಸದ್ದು ಮಾಡುತ್ತದೆ, ತನಗೆ ಗೊತ್ತಿರುವ ಎಲ್ಲ ಉಪಾಯಗಳನ್ನೂ ಮಾಡಿ ಸೋತ ಮೇಲೆ ಮುಖ ಆ ಕಡೆ ತಿರುಗಿಸಿಕೊಂಡು ಕುಗ್ಗಿಬಿಡುತ್ತದೆ. ಆಗಿನ್ನೂ ಮೊಬೈಲ್ ಇರಲಿಲ್ಲ. ಪರದೆಗೆ ಬಗ್ಗಿದ ಮುಖ ಹೇಗಿರುತ್ತದೆಂಬುದನ್ನು ನಮ್ಮ ಬಸ್ ನಿಲ್ದಾಣಗಳಲ್ಲಿ ಒಮ್ಮೆ ನೋಡಿದರೆ, ಆ ಪ್ರಯೋಗದ ತಾಯಿಯ ಮುಖಕ್ಕೂ ಇದಕ್ಕೂ ಇರುವ ಹೋಲಿಕೆ ತಾನಾಗಿ ಹೊಳೆಯುತ್ತದೆ.

ಫೋನನ್ನೇ ಕುರಿತು ಆದ ಅಧ್ಯಯನಗಳೂ ಇವೆ. ಮಕ್ಕಳ ವೈದ್ಯೆ ಜೆನ್ನಿ ರಾಡೆಸ್ಕಿ ಮತ್ತು ಅವರ ತಂಡ ಬಾಸ್ಟನ್ ಪ್ರದೇಶದ ಫಾಸ್ಟ್‌ಫುಡ್ ಹೋಟೆಲುಗಳಲ್ಲಿ ಮಕ್ಕಳೊಡನೆ ಊಟಕ್ಕೆ ಬಂದ 55 ಜನ ಪೋಷಕರನ್ನು ದೂರದಿಂದ ಗಮನಿಸಿ 2014ರಲ್ಲಿ ಬರೆದ ಲೇಖನದ ಪ್ರಕಾರ ಅವರಲ್ಲಿ 40 ಜನ ಊಟದ ಹೊತ್ತಿನಲ್ಲಿ ಫೋನಿನಂಥ ಸಾಧನ ಬಳಸಿದರು. ಅದರಲ್ಲಿ ಪೂರ್ತಿ ಮುಳುಗಿದವರು ಮಗು ಕರೆದಾಗ ತಡವಾಗಿ ಓಗೊಟ್ಟದ್ದು, ಕೆಲವರು ಗದರಿದ್ದು ಕಂಡುಬಂತು. 2017ರ ಇನ್ನೊಂದು ಅಧ್ಯಯನ ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದ್ದು. 38 ತಾಯಂದಿರು ತಮ್ಮ ಎರಡು ವರ್ಷದ ಮಕ್ಕಳಿಗೆ ಎರಡು ಹೊಸ ಶಬ್ದಗಳನ್ನು ಒಂದಾದ ಮೇಲೊಂದರಂತೆ ಕಲಿಸಬೇಕಿತ್ತು. ಒಂದು ಶಬ್ದ ಕಲಿಸುವಾಗ ನಡುವೆ ಫೋನ್ ಕರೆ ಬರುವಂತೆ ಮಾಡಿದ್ದರು. ಎರಡೂ ಶಬ್ದಗಳನ್ನು ತಾಯಿ ಹೇಳಿದ್ದು ಸರಿಸುಮಾರು ಅಷ್ಟೇ ಸಲ, ಆದರೂ ಕರೆಯಿಂದ ತುಂಡಾದ ಪಾಠದ ಶಬ್ದವನ್ನು ಮಕ್ಕಳು ಕಲಿಯಲಿಲ್ಲ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಮಗುವಿನ ಕಲಿಕೆಗೆ ತಡೆಯಾದದ್ದು ಗಂಟೆಗಟ್ಟಲೆ ನೋಡಿದ ಸಿನಿಮಾ ಅಲ್ಲ, ಒಂದು ಚಿಕ್ಕ ಕರೆ. ಟಿಳಕವಾಡಿಯ ಆ ಮುಂಜಾನೆ ಅಂಥವು ಏಳು ಬಂದಿದ್ದವು. ಮತ್ತೊಂದು ಅಂಶವೆಂದರೆ ಈ ಅಧ್ಯಯನಗಳಲ್ಲಿ ಇದ್ದವರು ಬಹುಪಾಲು ತಂದೆ ತಾಯಂದಿರೇ. ಫೋನು ಗಮನವನ್ನು ಕದಿಯುತ್ತದೆ ಎಂಬುದಕ್ಕೆ ನಾವು ಕೊಡುವ ಸಾಕ್ಷ್ಯವೆಲ್ಲ ಮನೆಯವರ ಮೇಲೆ ನಡೆದ ಪರೀಕ್ಷೆಯಿಂದ ಬಂದದ್ದು, ಅದರ ಮೇಲೆ ಕಟ್ಟುವ ನಿಯಮ ಮಾತ್ರ ಕೆಲಸದವಳಿಗೆ.

ಬೆಳಗಾವಿಯ ಸಂದರ್ಭದಲ್ಲಿ ಮಾತಿನ ಪ್ರಶ್ನೆಗೆ ಇನ್ನಷ್ಟು ತೂಕವಿದೆ. ಇಲ್ಲಿನ ಎಷ್ಟೋ ಕೂಸುಗಳು ತಾಯಿಯಿಂದ ಕನ್ನಡ, ಮೌಶಿಯಿಂದ ಮರಾಠಿ, ಎದುರು ಮನೆಯ ಮಕ್ಕಳಿಂದ ದಖನಿ ಉರ್ದು ಕೇಳುತ್ತ ಮೂರು ವರ್ಷ ತುಂಬುವ ಹೊತ್ತಿಗೆ ಮೂರಕ್ಕೂ ಉತ್ತರ ಕೊಡುವಂತಾಗುತ್ತವೆ. ವಿಜಯಪುರದಲ್ಲಿಯೂ ಕನ್ನಡ ಮತ್ತು ದಖನಿ ಹೀಗೆಯೇ ಹೆಣೆದುಕೊಂಡಿವೆ. ಇದಕ್ಕೆ ಯಾರೂ ಫೀಸು ಕೊಟ್ಟಿಲ್ಲ, ಯಾವ ಶಾಲೆಯೂ ಕಲಿಸಿಲ್ಲ. ಬಟ್ಟೆ ಮಡಚುವಾಗ, ಅನ್ನ ಕಲಸುವಾಗ, ಕಾಗೆ ಗುಬ್ಬಿ ತೋರಿಸುವಾಗ ಬಾಯಲ್ಲಿ ಬಂದ ಮಾತಿನಿಂದಲೇ ಅದು ಆದದ್ದು. ನೋಡಿಕೊಳ್ಳುವಾಕೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮೌನವಾದರೆ ಆ ಮನೆಯಲ್ಲಿ ಕೂಸಿಗೆ ಒಂದು ಭಾಷೆಯೇ ಕಡಿಮೆಯಾಗುತ್ತದೆ.

ಇನ್ನು ಅಪಾಯದ ಮಾತು. ಇದನ್ನು ನಮ್ಮ ಊರುಗಳ ಮನೆಗಳ ಒಳಗೆ ಹೊಕ್ಕೇ ನೋಡಬೇಕು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ಬಡಾವಣೆಗಳಲ್ಲಿ 2008ರಲ್ಲೇ ದಿನದ 24 ಗಂಟೆಯೂ ನಳದ ನೀರು ಕೊಡುವ ಪ್ರಯೋಗ ಯಶಸ್ವಿಯಾಗಿ ನಡೆದಿದ್ದರೂ ನಮ್ಮ ಬಹುತೇಕ ಮನೆಗಳು ಇಂದಿಗೂ ದಿನ ಬಿಟ್ಟು ದಿನ ಬರುವ ನೀರನ್ನು ಹಿಡಿದಿಟ್ಟು ಬದುಕುವ ಮನೆಗಳೇ. ಅಂಗಳದಲ್ಲಿ ನೆಲದೊಳಗಿನ ಸಂಪು, ಬಚ್ಚಲಲ್ಲಿ ಬ್ಯಾರಲ್ಲು, ಸಾಲಾಗಿ ಕೊಡ ಬಕೆಟ್ಟುಗಳು ಇರುತ್ತವೆ. ಒಂದೂವರೆ ವರ್ಷದ ಮಗುವಿನ ತಲೆ ಮೈಯ ಉಳಿದ ಭಾಗಕ್ಕೆ ಹೋಲಿಸಿದರೆ ಭಾರವಾದದ್ದರಿಂದ, ಬಕೆಟ್ಟಿನೊಳಗೆ ಬಗ್ಗಿ ತಲೆಕೆಳಗಾಗಿ ಬಿದ್ದರೆ ಅದಕ್ಕೆ ತಾನಾಗಿ ಮೇಲೇಳಲು ಆಗುವುದಿಲ್ಲ. ಕೆಲವೇ ಇಂಚು ನೀರು ಸಾಕು. ಸಿನಿಮಾದಲ್ಲಿ ತೋರಿಸುವಂತೆ ಕೈಕಾಲು ಬಡಿಯುವ ಸದ್ದು, ಕೂಗು ಯಾವುದೂ ಇಲ್ಲದೆ ಮುಗಿದುಹೋಗುವ ಅಪಾಯವಿದು. ಎರಡನೆಯದು ಶೇಂಗಾ. ಶೇಂಗಾ ಚಟ್ನಿ, ಶೇಂಗಾ ಹೋಳಿಗೆಗಳ ನಾಡಿನಲ್ಲಿ ನೆಲದ ಮೇಲೆ ಎಲ್ಲೋ ಒಂದು ಕಾಳು ಉರುಳಿರದ ಮನೆ ಕಡಿಮೆ. ನಮ್ಮ ದೇಶದಲ್ಲಿ ಚಿಕ್ಕ ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ಶೇಂಗಾ ಮೊದಲ ಸಾಲಿನದು. ಉಸಿರುನಾಳ ಪೂರ್ತಿ ಕಟ್ಟಿದರೆ ಮಗುವಿಗೆ ಕೆಮ್ಮಲೂ ಆಗುವುದಿಲ್ಲ, ಅಳಲೂ ಆಗುವುದಿಲ್ಲ, ಮಿದುಳಿಗೆ ಆಮ್ಲಜನಕ ಸಿಗದಿದ್ದರೆ ಹಾನಿ ಶುರುವಾಗಲು ನಾಲ್ಕೈದು ನಿಮಿಷ ಬಹಳ. ಸದ್ದಿರುವ ಅಪಾಯಗಳಿಗೆ ಕಿವಿ ಸಾಕು, ಸದ್ದಿಲ್ಲದ ಈ ಅಪಾಯಗಳಿಗೆ ಕಣ್ಣೇ ಬೇಕು, ಮತ್ತು ಫೋನು ಮೊದಲು ಕೇಳುವುದು ಕಣ್ಣನ್ನೇ.

ಅಮೆರಿಕದ ಅರ್ಥಶಾಸ್ತ್ರಜ್ಞ ಕ್ರೇಗ್ ಪಾಲ್ಸನ್ ಇದನ್ನು ಬೇರೊಂದು ದಾರಿಯಿಂದ ಪರೀಕ್ಷಿಸಿದರು. ಐಫೋನು ಮತ್ತು 3ಜಿ ಸೇವೆ ಅಲ್ಲಿನ ಎಲ್ಲ ಊರುಗಳಿಗೂ ಒಂದೇ ದಿನ ಬರಲಿಲ್ಲವಾದ್ದರಿಂದ, ಯಾವ ಊರಿಗೆ ಯಾವಾಗ ಬಂತೆಂಬುದನ್ನು ಆಸ್ಪತ್ರೆಗಳ ತುರ್ತು ವಿಭಾಗದ ಲೆಕ್ಕದೊಡನೆ ಇಟ್ಟು ನೋಡಿದಾಗ, ಸೇವೆ ಬಂದ ಕಡೆ ಐದು ವರ್ಷದೊಳಗಿನ ಮಕ್ಕಳ ಗಾಯಗಳು ಏರಿದ್ದು ಕಂಡಿತು. ಇಲ್ಲಿಯೂ ಆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಹೆಚ್ಚಿನವರು ಹೆತ್ತವರೇ ಎಂಬುದನ್ನು ಮರೆಯಬಾರದು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮಗುವಿಗೆ ಏನಾದರೂ ಆದ ಕೂಡಲೇ ನೋಡಿಕೊಳ್ಳುತ್ತಿದ್ದವರ ಕಡೆಗೆ ಬೆರಳು ಹೋಗುವುದು ನಮ್ಮಲ್ಲಿ ರೂಢಿಯಾಗಿದೆ. 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿ, 2017ರಲ್ಲಿ ಬೆಳಗಾವಿ ಜಿಲ್ಲೆಯ ಝುಂಜರವಾಡ, 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣ, ಈ ಮೂರು ಊರುಗಳಲ್ಲಿ ಮಕ್ಕಳು ಕೊಳವೆಬಾವಿಗೆ ಬಿದ್ದರು. ಲಚ್ಯಾಣದ ಕೂಸು ಮಾತ್ರ ಸುಮಾರು ಇಪ್ಪತ್ತು ಗಂಟೆಗಳ ನಂತರ ಜೀವಂತವಾಗಿ ಹೊರಬಂತು. ಫೋನಿನ ಚರ್ಚೆಗೆ ಈ ದುರಂತಗಳನ್ನು ಎಳೆದು ತರುವುದು ತಪ್ಪಾಗುತ್ತದೆ. ಅವುಗಳನ್ನು ಇಲ್ಲಿ ನೆನೆದದ್ದು ಬೇರೆ ಕಾರಣಕ್ಕೆ. ತೆರೆದ ಕೊಳವೆಬಾವಿಗಳನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಸೂಚನೆಗಳನ್ನು ಕೊಟ್ಟಿತ್ತು, ಅಂದರೆ ಮುಚ್ಚಳದಿಂದ ಆಗಬೇಕಾದ ಕೆಲಸವನ್ನು ಮನುಷ್ಯರ ಕಣ್ಣಿಗೆ ವಹಿಸಬಾರದೆಂಬುದು ಆಗಲೇ ಇತ್ಯರ್ಥವಾಗಿತ್ತು. ಮನೆಯೊಳಗೂ ಅದೇ ಲೆಕ್ಕ. ಸಂಪಿಗೆ ಬೀಗದ ಮುಚ್ಚಳವಿಲ್ಲದೆ, ಬಚ್ಚಲ ಬಾಗಿಲಿಗೆ ಮೇಲಿನ ಅಗುಳಿಯಿಲ್ಲದೆ, ನೀರು ಕಾಯಿಸುವ ಕಾಯಿಲ್ಲನ್ನು ಬಕೆಟ್ಟಿನಲ್ಲಿ ಇಳಿಬಿಟ್ಟು ಕೆಲಸಕ್ಕೆ ಹೊರಡುವ ಮನೆಯವರು, ಮೌಶಿಯ ಫೋನನ್ನು ಕಸಿದಿಟ್ಟ ಮಾತ್ರಕ್ಕೆ ಕೂಸು ಸುರಕ್ಷಿತವಾಯಿತೆಂದು ತಿಳಿಯುವಂತಿಲ್ಲ.

ಫೋನನ್ನು ಕೂಸಿನ ಕೈಗೇ ಕೊಟ್ಟು ಊಟ ಮಾಡಿಸುವುದರ ಬಗ್ಗೆ ಚರ್ಚೆಗೆ ಹೆಚ್ಚು ಜಾಗವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಎರಡು ವರ್ಷದೊಳಗೆ ಪರದೆ ಬೇಡವೆಂದೂ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ಹೇಳಿದೆ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆಯೂ ಹೆಚ್ಚು ಕಡಿಮೆ ಇದೇ. ಆದರೆ ಹಾಡು ಹಚ್ಚದಿದ್ದರೆ ಬಾಯಿ ತೆರೆಯದ ಕೂಸನ್ನು ಮೌಶಿ ಒಬ್ಬಳೇ ತಯಾರು ಮಾಡಿರುವುದಿಲ್ಲ. ರವಿವಾರ ಮನೆಯವರು ಉಣಿಸುವಾಗ ನಡೆಯುವುದೇ ಸೋಮವಾರ ಮುಂದುವರಿಯುತ್ತದೆ.

ನೋಡಿಕೊಳ್ಳುವಾಕೆಗೆ ಫೋನು ಏಕೆ ಬೇಕು ಎಂಬುದನ್ನು ಕೇಳುವವರು ಕಡಿಮೆ. ಇನ್ನೊಬ್ಬರ ಕೂಸನ್ನು ನೋಡಿಕೊಳ್ಳಲು ಬರುವ ಹೆಣ್ಣುಮಗಳು ಬಹಳ ಸಲ ತನ್ನ ಕೂಸನ್ನು ಯಾರದೋ ಬಳಿ ಬಿಟ್ಟು ಬಂದಿರುತ್ತಾಳೆ, ಅಥವಾ ಶಾಲೆಯಿಂದ ಬಂದ ಮಗು ಬಾಗಿಲ ಬೀಗ ತಾನೇ ತೆಗೆದುಕೊಂಡು ಒಳಗೆ ಹೋಗಬೇಕಿರುತ್ತದೆ. ಆ ಮಗುವಿಗೂ ತಾಯಿಗೂ ನಡುವೆ ಇರುವ ಏಕೈಕ ದಾರಿ ಆ ಫೋನು. ಗೃಹಲಕ್ಷ್ಮಿಯ 2,000 ರೂಪಾಯಿ ಜಮಾ ಆದ ಸಂದೇಶ ಬರುವುದು ಅದಕ್ಕೆ, ಸ್ವಸಹಾಯ ಸಂಘದ ಕಂತಿನ ನೆನಪು ಬರುವುದೂ ಅದಕ್ಕೇ. ಪರರ ಮನೆಯಲ್ಲಿ ಒಂಟಿಯಾಗಿ ಕೆಲಸ ಮಾಡುವ ಹೆಂಗಸಿಗೆ ಅದು ರಕ್ಷಣೆಯೂ ಹೌದು. 112ಕ್ಕಾಗಲಿ 108ಕ್ಕಾಗಲಿ ಕೂಸಿಗಾಗಿಯೋ ತನಗಾಗಿಯೋ ಕರೆ ಮಾಡಬೇಕಾದ ಗಳಿಗೆ ಹೇಳಿ ಬರುವುದಿಲ್ಲ. ಇದಲ್ಲದೆ ಬೇಸರ ಎಂಬುದೊಂದಿದೆ. ಮಾತು ಬಾರದ ಕೂಸಿನೊಡನೆ ಬಾಗಿಲು ಹಾಕಿಕೊಂಡು ಒಂಬತ್ತು ಗಂಟೆ ಕಳೆಯುವುದು ಎಷ್ಟು ದೀರ್ಘವೆಂದು ಹೆರಿಗೆ ರಜೆಯಲ್ಲಿ ಮನೆಯಲ್ಲಿದ್ದ ತಾಯಂದಿರಿಗೆ ಚೆನ್ನಾಗಿ ಗೊತ್ತು. ಹಿಂದೆ ಈ ಬೇಸರವನ್ನು ಓಣಿಯ ಕಟ್ಟೆ ಕಳೆಯುತ್ತಿತ್ತು. ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಕಟ್ಟೆಯಿಲ್ಲ, 2016ರಿಂದೀಚೆಗೆ ಅಗ್ಗವಾದ ಡೇಟಾ ಇದೆ.

ಈಗ ಮನೆಯವರ ಕರೆಗಳಿಗೆ ಬರೋಣ. ಕೂಸನ್ನು ಬಿಟ್ಟು ಕೆಲಸಕ್ಕೆ ಹೋದ ತಾಯಿಯ ಕಳವಳವನ್ನು ಹಗುರವಾಗಿ ಕಾಣುವುದು ತಪ್ಪು. ಅದನ್ನು ಕಾನೂನೇ ಒಪ್ಪಿಕೊಂಡಿದೆ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ತಂದ, ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿರುವ ನಿಯಮದ ಪ್ರಕಾರ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರವನ್ನು ಒದಗಿಸಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಕೂಸನ್ನು ನೋಡಿಬರಲು ಬಿಡಬೇಕು. ನಮ್ಮ ಊರುಗಳಲ್ಲಿ ಅಂಥ ಕೇಂದ್ರವಿರುವ ಕೆಲಸದ ಜಾಗಗಳನ್ನು ಹುಡುಕಿಕೊಂಡು ಹೋಗಬೇಕು. ಹೀಗೆ ಕಾನೂನು ಕೊಡಮಾಡಿದ ನಾಲ್ಕು ಭೇಟಿಗಳು ಆಗದೆ ಹೋದಾಗ ಅವುಗಳ ಜಾಗದಲ್ಲಿ ನಾಲ್ಕು ಕರೆಗಳು ಬಂದು ಕೂರುತ್ತವೆ, ಆ ಕರೆಗಳು ಕೊನೆಗೆ ಮುಟ್ಟುವುದು ಕೂಸನ್ನು ಎತ್ತಿಕೊಂಡಿರುವ ಕೈಯನ್ನು. ಭೇಟಿಗೂ ಕರೆಗೂ ಇರುವ ವ್ಯತ್ಯಾಸವೆಂದರೆ, ತಾಯಿ ಬಂದು ಕೂಸನ್ನು ಎತ್ತಿಕೊಂಡರೆ ನೋಡಿಕೊಳ್ಳುವಾಕೆಗೆ ಹತ್ತು ನಿಮಿಷ ಬಿಡುವಾಗುತ್ತದೆ. ಕರೆ ಬಂದರೆ ಕೂಸೂ ಆಕೆಯದೇ, ಫೋನೂ ಆಕೆಯದೇ. ಎತ್ತದಿದ್ದರೆ “ಎಲ್ಲಿ ಹೋಗಿದ್ಯವ್ವಾ ಇಷ್ಟೊತ್ತು?” ಎಂಬ ಮಾತು ಬರುತ್ತದೆ, ಎತ್ತಿದರೆ ಫೋನಿನಲ್ಲೇ ಇರುತ್ತಾಳೆ ಎಂಬ ಮಾತು. ಮನೆಯಲ್ಲಿ ಕ್ಯಾಮೆರಾ ಕೂರಿಸಿದವರೂ ಕರೆ ಮಾಡುವುದನ್ನು ನಿಲ್ಲಿಸಿಲ್ಲ, ಕ್ಯಾಮೆರಾದಲ್ಲಿ ಕಂಡದ್ದನ್ನು ವಿಚಾರಿಸಲು ಇನ್ನೊಂದು ಕರೆ ಮಾಡುತ್ತಾರೆ.

ಸರ್ಕಾರವೂ ಇದರಿಂದ ಹೊರತಲ್ಲ. ಬಾಲವಾಡಿ ಎಂದು ನಮ್ಮ ಕಡೆ ಇಂದಿಗೂ ಕರೆಯುವ ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕಾರ್ಯಕರ್ತೆಯ ಕೈಗೆ ಫೋನು ಕೊಟ್ಟದ್ದು ಇಲಾಖೆಯೇ. 2021ರ ಮಾರ್ಚ್‌ನಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಕ್ಕಳ ಹಾಜರಿ, ತೂಕ, ಎತ್ತರ, ಆಹಾರ ವಿತರಣೆ, ಮನೆ ಭೇಟಿಗಳನ್ನೆಲ್ಲ ತುಂಬಬೇಕು. 2025ರಿಂದ ಮನೆಗೆ ಕೊಡುವ ಆಹಾರಕ್ಕೆ ಫಲಾನುಭವಿಯ ಮುಖ ಗುರುತಿಸುವ ಕೆಲಸವೂ ಸೇರಿದೆ. ನೆಟ್‌ವರ್ಕ್ ಸಿಗದ ಹಳ್ಳಿಯಲ್ಲಿ ಅದೇ ಮುಖವನ್ನು ಮತ್ತೆ ಮತ್ತೆ ಪರದೆಯ ಚೌಕಟ್ಟಿನೊಳಗೆ ಹಿಡಿಯುತ್ತ ನಿಂತ ಕಾರ್ಯಕರ್ತೆಯ ಬೆನ್ನ ಹಿಂದೆ ಮೂರರಿಂದ ಆರು ವರ್ಷದ ಮಕ್ಕಳಿರುತ್ತಾರೆ, ಅವರ ಪಾಲಿಗೆ ಉಳಿಯುವುದು ಅಡುಗೆ ಮಾಡುತ್ತಿರುವ ಸಹಾಯಕಿಯ ಒಂದು ಕಣ್ಣು. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023-24ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಘೋಷಿಸಿದ ಕೂಸಿನ ಮನೆಗಳ ಆರೈಕೆದಾರರಿಗೂ ಆ್ಯಪ್‌ಗಳ ಹೊರೆ ಬರದಂತೆ ನೋಡಿಕೊಳ್ಳುವುದು ಒಳ್ಳೆಯದು. ಮಗುವಿನ ತೂಕ ದಾಖಲಾಗಬೇಕು ಎಂಬುದರಲ್ಲಿ ತಕರಾರಿಲ್ಲ. ಆದರೆ ಖಾಸಗಿ ಮನೆಯ ಮೌಶಿ ಫೋನ್ ನೋಡಿದರೆ ಅಲಕ್ಷ್ಯವೆಂದೂ ಅಂಗನವಾಡಿಯ ಕಾರ್ಯಕರ್ತೆ ಅಷ್ಟೇ ಹೊತ್ತು ಫೋನ್ ನೋಡಿದರೆ ಕರ್ತವ್ಯವೆಂದೂ ಕರೆಯುವ ನಾವು, ಪರದೆಗೆ ಬಗ್ಗಿದ ಮುಖ ಕೂಸಿಗೆ ಎರಡೂ ಕಡೆ ಒಂದೇ ಎಂಬುದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಕಾನೂನಿನಲ್ಲಿ ಈ ಪ್ರಶ್ನೆಗೆ ನೇರ ಉತ್ತರವಿಲ್ಲ. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಕರ್ನಾಟಕ 2004ರಲ್ಲೇ ಅಧಿಸೂಚಿಸಿತು, ಇದು ಇತರ ರಾಜ್ಯಗಳಿಗಿಂತ ಮುಂಚಿನ ಹೆಜ್ಜೆ. ಆದರೆ ಬಾಯಿಮಾತಿನ ಕೆಲಸದಲ್ಲಿ ಅದನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ನಮ್ಮ ಚರ್ಚೆಗೆ ಇದಕ್ಕಿಂತ ಉಪಯುಕ್ತವಾದ ಹೋಲಿಕೆ 1948ರ ಕಾರ್ಖಾನೆ ಕಾಯ್ದೆಯಲ್ಲಿತ್ತು. ಐದು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ವಿರಾಮವಿರಬೇಕು ಎಂದು ಅದು ಹೇಳಿತು. ಯಂತ್ರದ ಮುಂದೆ ನಿಂತವನ ಗಮನ ಐದು ಗಂಟೆಗೆ ಬಳಲುತ್ತದೆಂದು ಒಪ್ಪಿದ ಮೇಲೆ, ನಡೆಯಲು ಕಲಿಯುತ್ತಿರುವ ಕೂಸಿನ ಹಿಂದೆ ಓಡಾಡುವವಳ ಗಮನ ಒಂಬತ್ತು ಗಂಟೆ ಬಳಲುವುದಿಲ್ಲವೆಂದು ವಾದಿಸುವುದು ಹೇಗೆ? ವಿರಾಮವನ್ನು ಬಹಿರಂಗವಾಗಿ ಕೊಡದ ಕೆಲಸದಲ್ಲಿ ಜನ ಅದನ್ನು ಕದ್ದು ತೆಗೆದುಕೊಳ್ಳುತ್ತಾರೆ. ಮಗುವಿನ ಪಕ್ಕದಲ್ಲೇ ಕುಳಿತು ಐದೈದು ನಿಮಿಷಕ್ಕೊಮ್ಮೆ ಫೋನ್ ನೋಡುವುದು ಹಾಗೆ ಕದ್ದ ವಿರಾಮವೇ, ಮತ್ತು ಅದು ಎಲ್ಲಕ್ಕಿಂತ ಕೆಟ್ಟ ಬಗೆಯದು, ಏಕೆಂದರೆ ಅದರಲ್ಲಿ ಆಕೆಗೆ ದಣಿವೂ ಆರುವುದಿಲ್ಲ, ಕೂಸಿನ ಮೇಲೆ ಕಣ್ಣೂ ಇರುವುದಿಲ್ಲ. ಇನ್ನು ಕೂಸು ಎತ್ತಲೆಂದು ಹಳ್ಳಿಯಿಂದ ಹನ್ನೆರಡು ಹದಿಮೂರರ ಹುಡುಗಿಯನ್ನು ತಂದಿಟ್ಟುಕೊಂಡು, ಅವಳು ಫೋನಿನಲ್ಲಿ ಆಟ ಆಡುತ್ತಾಳೆಂದು ದೂರುವವರ ಮಾತು ಬೇರೆ. ಹದಿನಾಲ್ಕರೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್‌ನಿಂದಲೇ ಅಪರಾಧ, ಅಲ್ಲಿ ಫೋನಿನ ನಿಯಮ ಚರ್ಚಿಸುವ ಅಗತ್ಯವೇ ಇಲ್ಲ.

ಹಾಗಾದರೆ ಮಾಡಬೇಕಾದ್ದೇನು? ದಿನವನ್ನು ಮಗುವಿನ ಸ್ಥಿತಿಗೆ ತಕ್ಕಂತೆ ವಿಂಗಡಿಸುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಸ್ನಾನ ಮಾಡಿಸುವಾಗ, ಉಣಿಸುವಾಗ, ಮೆಟ್ಟಿಲು, ಮಾಳಿಗೆ, ರಸ್ತೆಯ ಹತ್ತಿರ ಇರುವಾಗ ಫೋನು ಇನ್ನೊಂದು ಕೋಣೆಯಲ್ಲಿರಬೇಕು, ಯಾರ ಕರೆ ಬಂದರೂ ಎತ್ತಬಾರದು. ಮಾಲಕರ ಕರೆಗೂ ಇದು ಅನ್ವಯ, ಮತ್ತು ಎತ್ತಲಿಲ್ಲವೆಂದು ಆಕೆಯನ್ನು ಪ್ರಶ್ನಿಸಬಾರದು. ಕೂಸು ಎಚ್ಚರವಾಗಿದ್ದು ಆಡುವಾಗ ಕರೆ ಬಂದರೆ ಚುಟುಕಾಗಿ ಮಾತಾಡಬಹುದು, ಆದರೆ ರೀಲ್ಸ್, ಧಾರಾವಾಹಿ, ಇಯರ್‌ಫೋನ್ ಬೇಡ. ಕೂಸು ತೊಟ್ಟಿಲಲ್ಲಿ ಮಲಗಿದ ಮೇಲೆ, ಉಸಿರು ಕೇಳುವಷ್ಟು ಹತ್ತಿರ ಇದ್ದುಕೊಂಡು, ಫೋನ್ ನೋಡುವುದೋ ತಾನೂ ಕಣ್ಣು ಮುಚ್ಚುವುದೋ ಅದು ಆಕೆಯ ಇಷ್ಟ. ಆ ಹೊತ್ತಿನಲ್ಲಿ ಭಾಂಡೆ ತಿಕ್ಕಿಸಿ ಬಟ್ಟೆ ಮಡಚಿಸುವ ಮನೆಗಳೇ ಮುಂದೆ ಕೂಸು ಎದ್ದಿರುವಾಗ ಆಕೆ ಫೋನ್ ಹಿಡಿದಳೆಂದು ದೂರುವುದನ್ನು ನೋಡಿದ್ದೇನೆ. ಕೂಸಿನ ಫೋಟೊ ತೆಗೆದು ಮನೆಯವರಿಗೆ ಕಳಿಸಬಹುದು, ತನ್ನ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕುವುದು ಬೇಡ. ಯಾವ ಮನೆಯಲ್ಲಿ ಯಾವ ಹೊತ್ತಿಗೆ ಕೂಸು ಮತ್ತು ಕೆಲಸದಾಕೆ ಇಬ್ಬರೇ ಇರುತ್ತಾರೆಂಬುದು ಅದನ್ನು ನೋಡುವ ಎಲ್ಲರಿಗೂ ತಿಳಿಯುತ್ತದೆ. ಮನೆಯವರು ದಿನಕ್ಕೆ ಎರಡು ಹೊತ್ತು ಗೊತ್ತು ಮಾಡಿಕೊಂಡು ಆಗಷ್ಟೇ ವಿಚಾರಿಸಬೇಕು. ಸಿಲಿಂಡರಿನವನೂ ಪಾರ್ಸೆಲಿನವನೂ ಸಂಜೆ ಬಂದರೆ ಲೋಕ ಮುಳುಗುವುದಿಲ್ಲ.

ಇದಕ್ಕೆ ಬರುವ ಆಕ್ಷೇಪವೂ ಗೊತ್ತಿದೆ. ನಾವು ಮನೆಯಲ್ಲಿ ಇಲ್ಲದಾಗ ಆಕೆ ಇದನ್ನೆಲ್ಲ ಪಾಲಿಸುತ್ತಾಳೆಂದು ನಂಬುವುದು ಹೇಗೆ ಎನ್ನುತ್ತಾರೆ. ಪೂರ್ಣ ನಿಷೇಧಕ್ಕೂ ಇದೇ ಆಕ್ಷೇಪ ಸಲ್ಲುತ್ತದೆ, ಇನ್ನೂ ಹೆಚ್ಚಾಗಿ ಸಲ್ಲುತ್ತದೆ; ಪಾಲಿಸಲಾಗದ ನಿಯಮವನ್ನು ಮುರಿದು ರೂಢಿಯಾದವರಿಗೆ ಬಚ್ಚಲಲ್ಲಿಯೂ ಅದು ಮುರಿಯಬಹುದಾದ ನಿಯಮವೇ ಆಗಿಬಿಡುತ್ತದೆ. ಸ್ನಾನದ ಹೊತ್ತಿಗೆ ಮಾತ್ರ ಫೋನ್ ಬೇಡ ಎಂದು ಕಾರಣ ಸಹಿತ, ಬಕೆಟ್ಟು ತೋರಿಸಿ, ಹೇಳಿದರೆ ಅದನ್ನು ಮೀರುವವರು ಕಡಿಮೆ. ಆಕೆಯೂ ಮಕ್ಕಳನ್ನು ಬೆಳೆಸಿದವಳೇ.

ಟಿಳಕವಾಡಿಯ ಮನೆಯಲ್ಲಿ ಆ ಮುಂಜಾನೆಯ ಏಳು ಕರೆಗಳ ಲೆಕ್ಕ ಹೇಳಿದಾಗ ಯಜಮಾನತಿ ಮೊದಲು ನಕ್ಕಳು, ಆಮೇಲೆ ತನ್ನ ಫೋನು ತೆಗೆದು ಕರೆಗಳ ಪಟ್ಟಿ ನೋಡಿದಳು. ದೀಪಾವಳಿಯ ಹೊತ್ತಿಗೆ ಅಲ್ಲಿ ಬಾಗಿಲ ಪಕ್ಕದ ಗೂಡಿನಲ್ಲಿ ಹಳೆಯ ಕೀಪ್ಯಾಡ್ ಫೋನೊಂದು ಚಾರ್ಜರಿಗೆ ಸಿಕ್ಕಿಸಿಟ್ಟದ್ದು ಕಂಡಿತು. ಮೌಶಿಯ ಸ್ಮಾರ್ಟ್‌ಫೋನು ಮುಂಜಾನೆ ಕಪಾಟಿನ ಮೇಲೆ ಹೋಗಿ, ಕೂಸು ಮಲಗಿದಾಗ ಕೆಳಗೆ ಬರುತ್ತದೆ. ಗೂಡಿನ ಫೋನಿಗೆ ಅವಸರವಿದ್ದರೆ ಮಾತ್ರ ಕರೆ, ವಿಜಯಪುರದ ಅಜ್ಜಿಯ ವಿಡಿಯೊ ರಾತ್ರಿ ಎಂಟಕ್ಕೆ. ಆ ಕೀಪ್ಯಾಡ್ ಫೋನಿನ ಸಂಖ್ಯೆ ನಾಲ್ಕು ಜನರ ಬಳಿ ಇದೆಯಂತೆ: ತಾಯಿ, ತಂದೆ, ಕೆಳಗಿನ ಮನೆಯವರು, ಮತ್ತು ವಡಗಾವಿಯಲ್ಲಿ ಮೌಶಿಯ ಮಗಳು ಓದುವ ಶಾಲೆಯ ಬಾಯಾರು.